ಎರಡು ಮಣಿ ನೋಡಿ ಕೊಟ್ಟ ತೀರ್ಪು

ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯಲ್ಲಿ ಗಂಡು-ಹೆಣ್ಣಿನ ಮಾತುಕತೆ ನಡೆಯುವಾಗ ಹೊಲ, ಬಂಗಾರ, ನೌಕರಿ ಎಲ್ಲವನ್ನೂ ಎದುರಿಗೇ ಕೇಳುತ್ತಾರೆ. ಒಂದು ಪ್ರಶ್ನೆ ಮಾತ್ರ ಹಿಂದಿನಿಂದ ಹೋಗುತ್ತದೆ. ಆ ಊರಿನ ಪರಿಚಯದವರನ್ನು ಸಂತೆಯಲ್ಲೋ ಬಸ್ಸಿನಲ್ಲೋ ಹಿಡಿದು ದನಿ ತಗ್ಗಿಸಿ ಕೇಳುತ್ತಾರೆ: “ಆ ಮನೆತನದಾಗೆ ಯಾರಿಗಾದ್ರೂ ತಲೆ ಕೆಟ್ಟಿತ್ತೇನಪ್ಪಾ?” ಹೌದು ಎಂಬ ಉತ್ತರ ಬಂದರೆ ಸಂಬಂಧ ಅಲ್ಲಿಗೇ ಮುರಿಯಿತು. ಹುಡುಗಿಯ ಚಿಕ್ಕಪ್ಪನಿಗೆ ಏನಾಗಿತ್ತು, ಎಷ್ಟು ವರ್ಷ ಇತ್ತು, ಔಷಧಿ ಸಿಕ್ಕಿತ್ತೋ ಇಲ್ಲವೋ ಎಂದು ಯಾರೂ ಮುಂದೆ ವಿಚಾರಿಸುವುದಿಲ್ಲ.

ಇದನ್ನು ಹಳ್ಳಿಗರ ತಿಳಿಗೇಡಿತನ ಎಂದು ತಳ್ಳಿಹಾಕಬಹುದು. ಆದರೆ ಕಳೆದ ನೂರು ವರ್ಷಗಳ ಮನೋವೈದ್ಯದ ಚರಿತ್ರೆ ಓದಿದವರಿಗೆ ಅಷ್ಟು ಧೈರ್ಯ ಬರುವುದಿಲ್ಲ. ಇದೇ ಪ್ರಶ್ನೆಯನ್ನು ಮ್ಯೂನಿಕ್‌ನಲ್ಲೂ ಅಮೆರಿಕದಲ್ಲೂ ಕೇಳಿದರು, ಇಷ್ಟೇ ಅವಸರದಲ್ಲಿ ತೀರ್ಪನ್ನೂ ಕೊಟ್ಟರು. ಒಮ್ಮೆ ರಕ್ತವನ್ನು ದೂರಿದರು, ಇನ್ನೊಮ್ಮೆ ಹೆತ್ತ ತಾಯಿಯನ್ನು ದೂರಿದರು. ಆ ಗದ್ದಲದ ನಡುವೆ ಬೆಂಗಳೂರಿನಲ್ಲಿ, ಆಮೇಲೆ ನಮ್ಮ ಪಕ್ಕದ ಬಳ್ಳಾರಿಯಲ್ಲಿ, ಮನೆಯವರನ್ನು ಬೇರೆ ಕಣ್ಣಿನಿಂದ ನೋಡಿದ ಒಂದು ಪ್ರಯೋಗ ನಡೆಯಿತು. ಅದಕ್ಕೆ ದೊಡ್ಡ ಸಿದ್ಧಾಂತವೇನೂ ಕಾರಣವಾಗಿರಲಿಲ್ಲ. ಹಾಸಿಗೆ ಸಾಲದು, ನರ್ಸು ಸಾಲದು, ಡಾಕ್ಟರಂತೂ ಇಲ್ಲವೇ ಇಲ್ಲ. ಇನ್ನೇನು ಮಾಡುವುದು ಎಂಬ ಪೇಚಾಟವೇ ಕಾರಣ.

ಮೊದಲು ರಕ್ತದ ಕಥೆ. ಮ್ಯೂನಿಕ್‌ನಲ್ಲಿ ಎಮಿಲ್ ಕ್ರೇಪೆಲಿನ್‌ನ ಶಿಷ್ಯ ಅರ್ನ್‌ಸ್ಟ್ ರೂಡಿನ್ 1916ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ಈಗ ನಾವು ಸ್ಕಿಜೋಫ್ರೇನಿಯಾ ಎನ್ನುವ ಕಾಯಿಲೆ ಇದ್ದವರ ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಎಷ್ಟು ಮಂದಿಗೆ ಅದೇ ಕಾಯಿಲೆ ಬರುತ್ತದೆ ಎಂದು ವ್ಯವಸ್ಥಿತವಾಗಿ ಎಣಿಸಿದ ಮೊದಲ ದೊಡ್ಡ ಕೆಲಸ ಅದು. ಎಣಿಕೆ ಅಚ್ಚುಕಟ್ಟಾಗಿಯೇ ಇತ್ತು. ಕಾಯಿಲೆ ಕೆಲವು ಮನೆಗಳಲ್ಲಿ ಹೆಚ್ಚು ಕಾಣುವುದೂ ನಿಜವಾಗಿತ್ತು. ಆದರೆ ಮೆಂಡಲನ ಬಟಾಣಿ ಗಿಡದ ಸರಳ ಲೆಕ್ಕಕ್ಕೆ ಅವನ ಅಂಕಿಗಳು ಕೂಡಿಬರಲಿಲ್ಲ. ಬರಬೇಕಾದ್ದಕ್ಕಿಂತ ತೀರಾ ಕಡಿಮೆ ಬಂದವು. ಅಂಥ ಹೊತ್ತಿನಲ್ಲಿ ವಿಜ್ಞಾನಿ ನಿಲ್ಲಬೇಕು. ರೂಡಿನ್ ನಿಲ್ಲಲಿಲ್ಲ. 1933ರ ಜುಲೈ 14ರಂದು ಹಿಟ್ಲರನ ಸರ್ಕಾರ ‘ವಂಶಪಾರಂಪರ್ಯ ರೋಗಿ’ಗಳ ಸಂತಾನಶಕ್ತಿ ಹರಣದ ಕಾನೂನು ತಂದಾಗ ಅದರ ಅಧಿಕೃತ ವ್ಯಾಖ್ಯಾನ ಬರೆದ ಮೂವರಲ್ಲಿ ಅವನೂ ಒಬ್ಬ. ಆ ಕಾನೂನಿನಡಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಶಸ್ತ್ರಚಿಕಿತ್ಸೆಯಾಯಿತು. 1939ರಿಂದ ರೋಗಿಗಳನ್ನು ಕೊಲ್ಲುವ ಕಾರ್ಯಕ್ರಮವೇ ಶುರುವಾಗಿ, 1941ರ ಆಗಸ್ಟ್ ಹೊತ್ತಿಗೆ ವಿಷಾನಿಲದ ಕೋಣೆಗಳಲ್ಲಿ 70 ಸಾವಿರ ಮಂದಿ ಸತ್ತರು.

ಯುದ್ಧ ಮುಗಿದ ಮೇಲೆ ‘ವಂಶ’ ಎಂಬ ಮಾತೆತ್ತುವುದೇ ಕಷ್ಟವಾಯಿತು. ಲೋಲಕ ಆ ತುದಿಯಿಂದ ಈ ತುದಿಗೆ ಬಂತು. 1948ರಲ್ಲಿ ಅಮೆರಿಕದ ಮನೋವಿಶ್ಲೇಷಕಿ ಫ್ರೀಡಾ ಫ್ರಾಮ್-ರೈಖ್‌ಮನ್, ಮಕ್ಕಳಲ್ಲಿ ಸ್ಕಿಜೋಫ್ರೇನಿಯಾ ಹುಟ್ಟಿಸುವಂಥ ತಾಯಿ ಇರುತ್ತಾಳೆ ಎಂಬ ಕಲ್ಪನೆಯನ್ನು ಚಲಾವಣೆಗೆ ತಂದಳು. 1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು, ಬಾಯಲ್ಲಿ ಒಂದು, ಮುಖದಲ್ಲಿ ಇನ್ನೊಂದು ಹೇಳುವ ಮನೆಯ ಮಾತುಕತೆಯೇ ಮಗುವಿನ ಬುದ್ಧಿಯನ್ನು ಕೆಡಿಸುತ್ತದೆ ಎಂದರು. ಮಗ ಹಾಸಿಗೆ ಹಿಡಿದ ದುಃಖದ ಮೇಲೆ, ಕಾರಣ ನೀನೇ ಎಂಬ ಮಾತನ್ನೂ ಒಂದು ತಲೆಮಾರಿನ ಅಮೆರಿಕನ್ ತಾಯಂದಿರು ಹೊತ್ತರು. ಈ ವಾದಕ್ಕೆ ಮೊದಲ ಬಲವಾದ ಏಟು ಬಿದ್ದದ್ದು 1966ರಲ್ಲಿ. ಲೆನರ್ಡ್ ಹೆಸ್ಟನ್ ಎಂಬವರು, ಕಾಯಿಲೆಯಿದ್ದ ತಾಯಂದಿರಿಂದ ಹುಟ್ಟಿದ ಕೆಲವೇ ದಿನಗಳಲ್ಲಿ ಬೇರೆಯಾಗಿ ಬೇರೆ ಕಡೆ ಬೆಳೆದ 47 ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. ಅವರಲ್ಲಿ 5 ಮಂದಿಗೆ ಕಾಯಿಲೆ ಬಂದಿತ್ತು. ಹೋಲಿಕೆಗೆ ತೆಗೆದುಕೊಂಡ 50 ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ತಾಯಿ ಬೆಳೆಸದಿದ್ದರೂ ಅಪಾಯ ಜೊತೆಯಲ್ಲೇ ಬಂದಿತ್ತು. ಹಾಗೆಂದು 42 ಮಂದಿಗೆ ಅದು ಬಂದಿರಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಅದನ್ನು ಹೇಳಿದವರು ಕಡಿಮೆ.

ಇತ್ತ ಮೈಸೂರು ಸೀಮೆ. ಬೆಂಗಳೂರಿನ ಪೇಟೆ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಶುರುವಾದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1930ರ ದಶಕದ ಕೊನೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಡಾ. ಫ್ರಾಂಕ್ ನೊರೋನ್ಹಾ ಅವರ ಮುಂದಾಳುತನದಲ್ಲಿ ಅದು ಊರ ಹೊರಗಿನ ವಿಶಾಲ ಜಾಗಕ್ಕೆ, ಈಗಿನ ನಿಮ್ಹಾನ್ಸ್ ಇರುವ ಹೊಸೂರು ರಸ್ತೆಗೆ ಹೋಯಿತು. ಅವರ ನಂತರ ಬಂದ ಡಾ. ಎಂ. ವಿ. ಗೋವಿಂದಸ್ವಾಮಿ ಅದನ್ನು ಪಾಠಶಾಲೆಯಾಗಿಯೂ ಬೆಳೆಸಿದರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲೇ ಹುಟ್ಟಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು.

ನಮ್ಮ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಕಡೆಯಿಂದ ನೋಡಿದರೆ ಇದೆಲ್ಲ ಬಹಳ ದೂರದ ಮಾತು. 1953ರ ಅಕ್ಟೋಬರ್ 1ರವರೆಗೂ ಈ ಸೀಮೆಯ ನಡುವೆ ಸರ್ಕಾರಗಳ ಗಡಿಯೇ ಇತ್ತು. ಮೊಳಕಾಲ್ಮೂರು ಮೈಸೂರು ಸಂಸ್ಥಾನದ್ದು. ಬಳ್ಳಾರಿ, ಕೂಡ್ಲಿಗಿ, ರಾಯದುರ್ಗ ಮದ್ರಾಸಿನವು. ಈ ಕಡೆಯವರಿಗೆ ಬೆಂಗಳೂರಿನ ಆಸ್ಪತ್ರೆ, ಆ ಕಡೆಯವರಿಗೆ ಮದ್ರಾಸಿನ ಕೀಲ್ಪಾಕ. ಎರಡಕ್ಕೂ ಅಂದಿನ ಲೂನಸಿ ಕಾನೂನು. ಸೇರಿಸಬೇಕಾದರೆ ಮ್ಯಾಜಿಸ್ಟ್ರೇಟರ ಹುಕುಂ ಬೇಕು, ಕರೆದೊಯ್ಯಲು ಪೊಲೀಸರು ಬರಬಹುದು. ಒಳಗೆ ಹೋದವನನ್ನು ನೋಡಿಕೊಳ್ಳುವುದು ಸರ್ಕಾರದ ಪಾಡು, ಮನೆಯವರದು ಹೊರಗಿನ ನಂಟು ಮಾತ್ರ. ಇಲ್ಲೇ ಬ್ರಹ್ಮಗಿರಿಯ ಬಂಡೆಯ ಮೇಲೆ, ತಂದೆತಾಯಿಯರ ಮಾತು ಕೇಳಬೇಕು, ಬಂಧುಗಳೊಡನೆ ತಕ್ಕ ಹಾಗೆ ನಡೆದುಕೊಳ್ಳಬೇಕು ಎಂದು ಅಶೋಕ ಕೆತ್ತಿಸಿದ್ದಾನೆ. ಬಂಧುವಿನ ಬುದ್ಧಿಯೇ ಕೈಬಿಟ್ಟಾಗ ‘ತಕ್ಕ ಹಾಗೆ’ ಎಂದರೆ ಹೇಗೆ ಎಂಬುದನ್ನು ಆ ಶಾಸನವೂ ಹೇಳುವುದಿಲ್ಲ, ಲೂನಸಿ ಕಾನೂನೂ ಹೇಳಲಿಲ್ಲ. ಹೆಚ್ಚಿನವರು ಆಸ್ಪತ್ರೆಯ ಗೊಡವೆಗೇ ಹೋಗಲಿಲ್ಲ. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂದು ದೇವರ ಗುಡಿಗೂ ದರ್ಗಾಕ್ಕೂ ಅಲೆದರು. ಕೈಮೀರಿದರೆ ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದರು.

ಅಲೆದದ್ದೆಲ್ಲ ವ್ಯರ್ಥ ಎಂದು ಒಂದೇ ಏಟಿಗೆ ಹೇಳುವಂತಿಲ್ಲ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ ರೋಗಿಗಳನ್ನು ಅಳೆದು ನೋಡಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಔಷಧಿಯಿಲ್ಲದೆ ಕೆಲವು ವಾರ ಅಲ್ಲಿದ್ದವರ ಲಕ್ಷಣಗಳೂ ತಕ್ಕಮಟ್ಟಿಗೆ ಇಳಿದಿದ್ದವು. ಅಲ್ಲಿ ಜೊತೆಗೆ ಮನೆಯವರೂ ತಂಗುತ್ತಿದ್ದರು ಎಂಬುದು ನಮ್ಮ ಕಥೆಗೆ ಮುಖ್ಯ. ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ದರ್ಗಾದ ಬಳಿಯ ವಸತಿಯೊಂದರಲ್ಲಿ ಸರಪಳಿ ಹಾಕಿ ಕಟ್ಟಿದ್ದ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳು ಕಟ್ಟಿದಲ್ಲೇ ಬೆಂದರು. ಅವರ ಜೊತೆ ಮನೆಯವರು ಇರಲಿಲ್ಲ.

ಆಸ್ಪತ್ರೆಯ ಒಳಗೆ ಮನೆಯವರನ್ನು ಬಿಟ್ಟುಕೊಂಡ ಮೊದಲ ಸಾಹಸ ಅಮೃತಸರದ್ದು. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಗುಡಾರ ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯುವಂತೆ ಮಾಡಿದರು. ಒಳಗೆ ಜಾಗವಿಲ್ಲ, ಹೊರಗೆ ಜನ ನಿಂತಿದ್ದಾರೆ. ಗುಡಾರ ಹಾಕದೆ ಗತ್ಯಂತರವಿರಲಿಲ್ಲ. ಆದರೆ ಫಲ ಯಾರೂ ಎಣಿಸಿರಲಿಲ್ಲ. ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಮರಳಿದರು, ಮನೆಯವರ ಭಯವೂ ಇಳಿಯಿತು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ಅದೇ ದಶಕದಲ್ಲಿ ಕುಟುಂಬದ ಜೊತೆಗೇ ದಾಖಲು ಮಾಡಿಕೊಳ್ಳುವ ಪದ್ಧತಿ ತಂದಿತು. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಫ್ಯಾಮಿಲಿ ವಾರ್ಡ್ ಬಂತು.

ನಿಮ್ಹಾನ್ಸ್‌ಗೆ ಹೋಗಿಬಂದವರಿಗೆ ಆ ನೋಟ ಗೊತ್ತು. ಮಂಚದ ಮೇಲೆ ಮಗ, ಪಕ್ಕದಲ್ಲಿ ಚಾಪೆ ಹಾಸಿಕೊಂಡ ತಾಯಿ. ಮಾತ್ರೆ ನುಂಗಿಸುವುದು ಅವಳ ಕೆಲಸ, ರಾತ್ರಿ ನಿದ್ದೆ ಬಂತೋ ಇಲ್ಲವೋ ಎಂದು ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರಿಗೆ ಹೇಳುವುದೂ ಅವಳ ಕೆಲಸ. ಪಕ್ಕದ ಮಂಚದ ಹೆಣ್ಣುಮಗಳ ಗಂಡನ ಜೊತೆ ಮಾತಾಡುತ್ತ, ನಮ್ಮವನಿಗೊಬ್ಬನಿಗೇ ಹೀಗಾದದ್ದಲ್ಲ ಎಂಬುದೂ ಅವಳಿಗೆ ಅಲ್ಲಿಯೇ ತಿಳಿಯುವುದು. ಅಮೆರಿಕದಲ್ಲಿ ತಾಯಿಯನ್ನು ಕಾರಣವೆಂದು ಬೊಟ್ಟು ಮಾಡಿ ತೋರಿಸಿದ ಎರಡು ದಶಕಗಳ ನಂತರ, ಇಲ್ಲಿ ಅದೇ ತಾಯಿ ಸಂಬಳವಿಲ್ಲದ ನರ್ಸಾದಳು. ಸಂಬಳವಿಲ್ಲದ ಎಂಬುದನ್ನು ಮರೆಯಬಾರದು. ಈ ಏರ್ಪಾಟನ್ನು ಹೊಗಳುವವರು ಅದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಮರೆಯದವರೂ ಇದ್ದರು. 1975ರ ಸುಮಾರಿಗೆ ನಿಮ್ಹಾನ್ಸ್‌ಗೆ ಬಂದ ಡಾ. ಆರ್. ಎಲ್. ಕಪೂರ್, ಅದಕ್ಕೂ ಮುನ್ನ ಕರಾವಳಿಯ ಕೋಟದಲ್ಲಿ ಮೊರಿಸ್ ಕಾರ್‌ಸ್ಟೇರ್ಸ್ ಜೊತೆ ಬ್ರಾಹ್ಮಣ, ಬಂಟ, ಮೊಗೇರರ ಮನೆಮನೆ ಸುತ್ತಿ ಹಳ್ಳಿಗರ ಮನೋವ್ಯಥೆಯ ಲೆಕ್ಕ ಬರೆದವರು. ಆ ಪುಸ್ತಕ 1976ರಲ್ಲಿ ಬಂತು. ಶೈಲಾ ಪೈ ಅವರ ಜೊತೆ ಸೇರಿ ಕಪೂರ್ 1981ರಲ್ಲಿ ರೋಗಿಯ ಮನೆಯವರ ಮೇಲೆ ಬೀಳುವ ಹೊರೆಯನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಕೂಲಿ ಎಷ್ಟು ತಪ್ಪಿತು, ಸಾಲ ಎಷ್ಟಾಯಿತು, ನೆಂಟರು ಬರುವುದು ನಿಂತಿತೇ, ಮಿಕ್ಕ ಮಕ್ಕಳ ಓದು ಏನಾಯಿತು, ಮನೆಯ ಬೇರೆಯವರ ಆರೋಗ್ಯ ಕೆಟ್ಟಿತೇ — ಇಂಥ ವಿಷಯಗಳು. ಇಂದಿಗೂ ಭಾರತದಲ್ಲಿ ಈ ಬಗ್ಗೆ ಅಧ್ಯಯನ ಮಾಡುವವರು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ. ಅದೇ ಇಬ್ಬರು ಇನ್ನೊಂದು ಪ್ರಯೋಗ ಮಾಡಿದರು: ಸ್ಕಿಜೋಫ್ರೇನಿಯಾ ಇದ್ದ ಕೆಲವರನ್ನು ವಾರ್ಡಿಗೆ ಸೇರಿಸದೆ ಮನೆಯಲ್ಲೇ ಇಟ್ಟು, ತರಬೇತಿ ಪಡೆದ ನರ್ಸು ಆಗಾಗ ಹೋಗಿ ನೋಡಿಬರುವ ಹಾಗೆ. ವಾರ್ಡಿನವರಿಗಿಂತ ಮನೆಯಲ್ಲಿದ್ದವರು ಚೆನ್ನಾಗಿ ಸುಧಾರಿಸಿದರು, ಖರ್ಚೂ ಕಡಿಮೆ ಬಂತು, ಮನೆಯವರ ಹೊರೆಯೂ ತಗ್ಗಿತು.

ಮನೆಗೇ ಹೋಗಬಹುದಾದರೆ ಹಳ್ಳಿಗೇಕೆ ಹೋಗಬಾರದು? 1976ರಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕೆಲವೇ ದಿನಗಳಲ್ಲಿ ಏನು ಕಲಿಸಬಹುದು ಎಂದು ಅಲ್ಲಿ ಪರೀಕ್ಷಿಸಿದರು. 1982ರ ಆಗಸ್ಟಿನಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಾಗದದ ಮೇಲೆ ಬಂದಾಗ, ಇದು ಒಂದು ಇಡೀ ಜಿಲ್ಲೆಯಲ್ಲಿ ನಡೆಯುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಆರಿಸಿಕೊಂಡದ್ದು ಬಳ್ಳಾರಿಯನ್ನು.

1985ರಲ್ಲಿ ಶುರುವಾದ ಆ ಪ್ರಯೋಗದ ಹಿಂದೆ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ, ಡಾ. ಮೋಹನ್ ಐಸಾಕ್, ಕನ್ನಡ ಓದುಗರಿಗೆ ತಮ್ಮ ಪುಸ್ತಕಗಳಿಂದ ಮನೆಮಾತಾದ ಡಾ. ಸಿ. ಆರ್. ಚಂದ್ರಶೇಖರ್ ಇದ್ದರು. ಆಗಿನ ಬಳ್ಳಾರಿ ಎಂದರೆ ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಸೇರಿ 8 ತಾಲೂಕು, ಸುಮಾರು 15 ಲಕ್ಷ ಜನ. ಒಬ್ಬ ಮನೋವೈದ್ಯ ಜಿಲ್ಲಾಸ್ಪತ್ರೆಯಲ್ಲಿ. ಮಿಕ್ಕ ಕೆಲಸವೆಲ್ಲ ಹಳ್ಳಿಯ ಆರೋಗ್ಯ ಕೇಂದ್ರಗಳದ್ದು. ಮಲೇರಿಯಾ ರಕ್ತ ತೆಗೆಯಲು, ಲಸಿಕೆ ಹಾಕಲು ಮನೆಮನೆ ತಿರುಗುತ್ತಿದ್ದ ಕಾರ್ಯಕರ್ತರಿಗೆ, ಈ ಮನೆಯಲ್ಲಿ ಯಾರಾದರೂ ಒಬ್ಬರೇ ಮಾತಾಡಿಕೊಳ್ಳುತ್ತಾರೆಯೇ, ಸ್ನಾನ ಊಟ ಬಿಟ್ಟು ಕೂತಿದ್ದಾರೆಯೇ, ಯಾರೋ ಕೊಲ್ಲಲು ಬರುತ್ತಾರೆ ಎನ್ನುತ್ತಾರೆಯೇ, ಫಿಟ್ಸ್ ಬರುತ್ತದೆಯೇ ಎಂದು ಕೇಳುವುದನ್ನು ಕಲಿಸಿದರು. ಔಷಧಿಯ ಪಟ್ಟಿ ಅಂಗೈಯಲ್ಲಿ ಹಿಡಿಯುವಷ್ಟು: ಕ್ಲೋರ್‌ಪ್ರೊಮಜಿನ್, ಅಮಿಟ್ರಿಪ್ಟಿಲಿನ್, ಫಿನೋಬಾರ್ಬಿಟೋನ್, ಕೈಕಾಲು ಬಿಗಿಯುವುದನ್ನು ತಡೆಯುವ ಒಂದು ಮಾತ್ರೆ, ಮತ್ತೆ ಫ್ಲೂಫೆನಜಿನ್ ಚುಚ್ಚುಮದ್ದು. ಈ ಕೊನೆಯದು ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧಿ. ಕುಂಡಿಗೆ ಚುಚ್ಚಿದರೆ ಎಣ್ಣೆಯಿಂದ ಸ್ವಲ್ಪಸ್ವಲ್ಪವೇ ರಕ್ತಕ್ಕಿಳಿದು ಎರಡು-ಮೂರು ವಾರ ಕೆಲಸ ಮಾಡುತ್ತದೆ. ದಿನಾ ಮಾತ್ರೆ ನುಂಗಿಸಲು ನಡೆಯುವ ಜಗಳ ಇಲ್ಲ. ಮಾತ್ರೆಯಲ್ಲಿ ವಿಷ ಹಾಕಿದ್ದೀಯಾ ಎಂದು ತಾಯಿಯ ಕೈ ತಳ್ಳುವ ಮಗನಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಅಂಥ ಮನೆಯಲ್ಲಿ ಇದ್ದವರಿಗೇ ಗೊತ್ತು. ತಿಂಗಳಿಗೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿಗಳ ಮೀಟಿಂಗಿನಲ್ಲಿ ಕುಟುಂಬ ಯೋಜನೆ, ಕ್ಷಯದ ಲೆಕ್ಕದ ಜೊತೆ ಈ ಲೆಕ್ಕವೂ ಬರತೊಡಗಿತು.

ಬಂದ ರೋಗಿಗಳಲ್ಲಿ ಹೆಚ್ಚಿನವರದು ಮೂರ್ಛೆ ರೋಗ ಅಥವಾ ಚಿತ್ತವಿಕಲತೆ. ವರ್ಷಗಟ್ಟಲೆ ಔಷಧಿ ಕಾಣದವರು. 1990ರವರೆಗೆ ನಡೆದ ಈ ಕೆಲಸವನ್ನು ‘ಬಳ್ಳಾರಿ ಮಾದರಿ’ ಎಂದು ಕರೆದರು. 1996ರಲ್ಲಿ ಕೇಂದ್ರ ಸರ್ಕಾರ ಇದನ್ನೇ ನಾಲ್ಕು ಜಿಲ್ಲೆಗಳಲ್ಲಿ ಶುರುಮಾಡಿ, ಆಮೇಲೆ ದೇಶದ ತುಂಬ ಹರಡಿತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ನಮ್ಮ ತಾಲೂಕು ಆಸ್ಪತ್ರೆಯ ಗೋಡೆಗಳ ಮೇಲೆ ಬರೆದಿರುವುದರ ಮೂಲ ಅಲ್ಲಿದೆ. ಟೀಕೆಯೂ ಕಡಿಮೆಯಿಲ್ಲ. ಸುಮೀತ್ ಜೈನ್, ಸುಶ್ರುತ್ ಜಾಧವ್ ಅವರು 2009ರಲ್ಲಿ ವಾದಿಸಿದಂತೆ, ಹಳ್ಳಿಗರ ಮಾತು ಕೇಳಿಸಿಕೊಳ್ಳಬೇಕಾದ ಕಾರ್ಯಕ್ರಮ ಕೊನೆಗೆ ಮಾತ್ರೆ ಹಂಚುವ ಕೆಲಸವಾಗಿ ಉಳಿಯಿತು. ನನಗೆ ಈ ಟೀಕೆ ನಿಜವೆನಿಸುತ್ತದೆ. ಆದರೆ ಮಾತ್ರೆಯೂ ಸಿಗದ ಕಾಲವನ್ನು ನೆನೆದರೆ ಅದರ ಕಾವು ಇಳಿಯುತ್ತದೆ. ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು 2005ರ ಸುಮಾರಿನಿಂದ ತೀರ್ಥಹಳ್ಳಿ ತಾಲೂಕಿನಲ್ಲಿ ಮಾಡಿದ ಕೆಲಸ, ಔಷಧಿ ಕಾಣದೆ ಉಳಿದವರು ಅದನ್ನು ತೆಗೆದುಕೊಳ್ಳತೊಡಗಿದ ಮೇಲೆ ಅವರ ದಿನನಿತ್ಯದ ಅಸಹಾಯಕತೆ ಎಷ್ಟು ಇಳಿಯುತ್ತದೆ ಎಂಬುದನ್ನು ಅಂಕಿ ಸಮೇತ ತೋರಿಸಿತು.

ನಮ್ಮ ಕುಟುಂಬಗಳ ಬಗ್ಗೆ ಹೊರಗಿನವರಿಗೆ ಒಂದು ಮೋಹವೂ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಗಳಲ್ಲಿ ಆಗ್ರಾದಂಥ ಕಡೆ ರೋಗಿಗಳು ಶ್ರೀಮಂತ ದೇಶದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಂತೆ ಕಂಡಿತು. ಚಂಡೀಗಢದಲ್ಲಿ ಡಾ. ಎನ್. ಎನ್. ವಿಗ್ ಮತ್ತು ಲಂಡನ್ನಿನ ಜೂಲಿಯನ್ ಲೆಫ್ ಮೊದಲಾದವರು 1987ರಲ್ಲಿ, ರೋಗಿಯನ್ನು ಸದಾ ಟೀಕಿಸುವ, ಸಿಡುಕುವ ಮನೆಯವರು ಇಲ್ಲಿ ಲಂಡನ್ನಿಗಿಂತ ಕಡಿಮೆ ಎಂದು ತೋರಿಸಿದರು. ಅವಿಭಕ್ತ ಕುಟುಂಬವೇ ಔಷಧಿ ಎಂಬ ಹೊಗಳಿಕೆ ಎದ್ದಿತು. ಚೆನ್ನೈನ ಡಾ. ಆರ್. ತಾರಾ, ವಿಕ್ರಮ್ ಪಟೇಲ್ ಮತ್ತಿತರರು 2008ರಲ್ಲಿ ಅದನ್ನು ಬಿಡಿಸಿ ನೋಡಿ, ಬಡ ದೇಶಗಳಲ್ಲಿ ಫಲಿತಾಂಶ ಒಂದೇ ಸಮ ಚೆನ್ನಾಗಿಲ್ಲ, ಸಾವು, ಮದುವೆ ಮುರಿಯುವುದು, ಚಿಕಿತ್ಸೆಯೇ ಸಿಗದಿರುವುದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದರು. ತಾಯಿಯನ್ನು ದೂರುವುದು ಎಷ್ಟು ಅವಸರವೋ ಕೂಡುಕುಟುಂಬವನ್ನು ಮೆರೆಸುವುದೂ ಅಷ್ಟೇ ಅವಸರ.

ಅವಸರ ಎಂದೆ. ಆ ಅವಸರವನ್ನೇ ಅಳೆಯಲು ಹೊರಟವರು ಲಂಡನ್ನಿನವರು. ಬಳ್ಳಾರಿಯ ಪ್ರಯೋಗ ನಡೆಯುತ್ತಿದ್ದ ಕಾಲದಲ್ಲೇ, 1988ರಲ್ಲಿ, ಹಕ್, ಫಿಲಿಪ್ಪಾ ಗ್ಯಾರೆಟಿ, ಹೆಮ್ಸ್‌ಲಿ ಎಂಬ ಮೂವರು ಒಂದು ಆಟ ಆಡಿಸಿದರು. ಎರಡು ಜಾಡಿಗಳು. ಒಂದರಲ್ಲಿ ನೂರಕ್ಕೆ 85 ಮಣಿ ಒಂದು ಬಣ್ಣದವು, 15 ಇನ್ನೊಂದು ಬಣ್ಣದವು. ಇನ್ನೊಂದರಲ್ಲಿ ಅದರ ತಿರುವುಮುರುವು. ಜಾಡಿಗಳನ್ನು ಮರೆಗಿಟ್ಟು ಒಂದರಿಂದ ಒಂದೊಂದೇ ಮಣಿ ತೆಗೆದು ತೋರಿಸುತ್ತಾರೆ. ಎಷ್ಟು ಮಣಿ ಬೇಕಾದರೂ ಕೇಳಬಹುದು. ಖಾತ್ರಿಯಾದಾಗ ಯಾವ ಜಾಡಿ ಎಂದು ಹೇಳಬೇಕು. ಭ್ರಮೆಯಿದ್ದ ರೋಗಿಗಳಲ್ಲಿ ಬಹಳ ಮಂದಿ ಒಂದೋ ಎರಡೋ ಮಣಿಗೇ ತೀರ್ಪು ಕೊಟ್ಟರು. ಮಿಕ್ಕವರು ಇನ್ನಷ್ಟು ಕೇಳಿದರು. ಎದುರು ಮನೆಯವನು ಕೆಮ್ಮಿದ, ಅಂದರೆ ನನಗೇ ಸೂಚನೆ ಕೊಟ್ಟ ಎಂದು ನಂಬುವ ಬುದ್ಧಿಯ ನಡೆ ಇದೇ ಇರಬೇಕು ಎಂದು ಊಹಿಸಿದರು.

ಲೆಕ್ಕ ಬಲ್ಲವರಿಗೆ ಇಲ್ಲೊಂದು ತಮಾಷೆ ಕಾಣುತ್ತದೆ. ಮೊದಲ ಎರಡು ಮಣಿ ಒಂದೇ ಬಣ್ಣದವಾದರೆ ಊಹೆ ಸರಿಯಾಗುವ ಸಂಭವ ನೂರಕ್ಕೆ 97. ಹಾಗಾದರೆ ತಪ್ಪಿದವರು ಯಾರು? ಗಣಿತದ ಪ್ರಕಾರ ರೋಗಿಗಳೇ ಸರಿಯ ಹತ್ತಿರ ಇದ್ದರು, ಆರೋಗ್ಯವಂತರು ಬೇಡದಷ್ಟು ಎಚ್ಚರ ವಹಿಸಿದರು. ಈ ತೊಡಕನ್ನು ಆ ಸಂಶೋಧಕರೇ ಗಮನಿಸಿದ್ದರು. ಮುಂದೆ ಬೇರೆಯವರು ಇನ್ನೊಂದು ಓರೆಯನ್ನೂ ಅಳೆದರು: ತೀರ್ಪು ಕೊಟ್ಟಾದ ಮೇಲೆ ಅದಕ್ಕೆ ವಿರುದ್ಧವಾದ ಸಾಕ್ಷಿ ಬಂದರೆ ಬದಲಿಸುತ್ತಾರೆಯೇ ಎಂಬುದು. ಭ್ರಮೆಯಿದ್ದವರು ಬದಲಿಸಲು ಹಿಂಜರಿದರು. ಬೇಗ ಹೇಳುವುದು ಒಂದು, ಹೇಳಿದ್ದನ್ನು ಬಿಡದಿರುವುದು ಇನ್ನೊಂದು.

ಈ ಎರಡರ ಅಂತರ ತಿಳಿಯಲು ಬ್ರಹ್ಮಗಿರಿಯನ್ನೇ ನೋಡಬಹುದು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ, ಅರಿಕಮೇಡಿನಲ್ಲಿ ರೋಮನ್ ಸರಕಿನ ಜೊತೆ ಸಿಕ್ಕಿದ್ದ ಬಗೆಯ ಮಡಕೆ ಚೂರುಗಳನ್ನು ಆಧಾರ ಮಾಡಿಕೊಂಡು, ಕೆಳಗಿನ ಪದರಗಳ ಕಾಲ ಕಟ್ಟಿದರು. ಕಲ್ಲುಕೊಡಲಿಯ ಜನ ಕ್ರಿ.ಪೂ. ಮೊದಲ ಸಹಸ್ರಮಾನದವರು ಎಂದರು. ಕೈಯಲ್ಲಿದ್ದ ಸಾಕ್ಷಿ ಅಷ್ಟೇ. ಆಮೇಲೆ ಇಂಗಾಲದ ಕಾಲಗಣನೆ ಬಂದು, ಉತ್ನೂರು, ತೆಕ್ಕಲಕೋಟೆಗಳ ಬೂದಿ, ಇದ್ದಿಲು ಮಾತಾಡಿದಾಗ ದಖ್ಖನಿನ ಆ ಸಂಸ್ಕೃತಿ ಕ್ರಿ.ಪೂ. ಮೂರನೆಯ ಸಹಸ್ರಮಾನದಷ್ಟು ಹಿಂದಕ್ಕೆ ಹೋಯಿತು. ಪುರಾತತ್ತ್ವದವರು ಹಳೆಯ ಲೆಕ್ಕ ತಿದ್ದಿಕೊಂಡರು, ಯಾರ ಮಾನವೂ ಹೋಗಲಿಲ್ಲ. ರೂಡಿನ್ ಮಾಡದೆ ಹೋದದ್ದು ಇದನ್ನು. ಅವನ ಅಂಕಿಗಳೇ ಅವನಿಗೆ ಎದುರು ನಿಂತಿದ್ದವು.

ಮಣಿಯಾಟ ಮನೆತನದ ಪ್ರಶ್ನೆಗೆ ಬಂದು ಸೇರಿದ್ದು 2006ರಲ್ಲಿ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಫಾನ್ ಡೇಲ್, ಜಿಮ್ ಫಾನ್ ಓಸ್ ಮತ್ತು ಸಂಗಡಿಗರು ರೋಗಿಗಳ ಜೊತೆ ಅವರ ಆರೋಗ್ಯವಂತ ಬಂಧುಗಳಿಗೂ ಆಟ ಆಡಿಸಿದರು. ಅವಸರದ ತೀರ್ಪು ರೋಗಿಗಳಲ್ಲಿ ಹೆಚ್ಚು, ಸಂಬಂಧವೇ ಇಲ್ಲದವರಲ್ಲಿ ಕಡಿಮೆ, ಬಂಧುಗಳಲ್ಲಿ ನಡುವೆ. ಅಂದರೆ ಕಾಯಿಲೆ ಬಾರದಿದ್ದರೂ ಅದರ ಒಂದು ಎಳೆ ಮನೆಯಲ್ಲಿ ಹರಿದಿರಬಹುದು. ವಾದ ಮುಗಿದಿಲ್ಲ. ಯೂರೋಪಿನ ಹಲವು ಊರುಗಳಲ್ಲಿ ನಡೆದ ಇತ್ತೀಚಿನ ದೊಡ್ಡ ಅಧ್ಯಯನವೊಂದು, ಈ ಅವಸರದ ಒಂದು ಪಾಲು ಒಟ್ಟಾರೆ ಬುದ್ಧಿಶಕ್ತಿಯ ವ್ಯತ್ಯಾಸದಿಂದಲೇ ಬರುತ್ತದೆ ಎಂದಿದೆ. ಇನ್ನೊಂದು ಕಡೆ ಹ್ಯಾಂಬರ್ಗಿನ ಸ್ಟೆಫೆನ್ ಮೊರಿಟ್ಜ್ ಮೊದಲಾದವರು ಇದನ್ನೇ ಚಿಕಿತ್ಸೆಯಾಗಿ ತಿರುಗಿಸಿ, ‘ತಡಿ, ಇನ್ನೊಂದು ಸಾಕ್ಷಿ ನೋಡೋಣ’ ಎನ್ನುವ ಅಭ್ಯಾಸವನ್ನು ರೋಗಿಗಳಿಗೆ ಗುಂಪಿನಲ್ಲಿ ಕಲಿಸುತ್ತಿದ್ದಾರೆ.

ಅಪಾಯದ ಅಂಕಿಗಳನ್ನು ಇಲ್ಲೇ ಹೇಳಿಬಿಡಬೇಕು, ಅರ್ಧ ಹೇಳಿದರೆ ಹೆಚ್ಚು ಹಾನಿ. ಇರ್ವಿಂಗ್ ಗಾಟೆಸ್ಮನ್ 1991ರಲ್ಲಿ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪ್ರಕಾರ, ಸಾಮಾನ್ಯ ಜನರಲ್ಲಿ ಸ್ಕಿಜೋಫ್ರೇನಿಯಾ ಬರುವ ಸಂಭವ ನೂರಕ್ಕೆ 1, ಒಡಹುಟ್ಟಿದವರಿಗಿದ್ದರೆ ಸುಮಾರು 9, ತಂದೆ ಅಥವಾ ತಾಯಿಗಿದ್ದರೆ ಸುಮಾರು 13, ಅವಳಿಯಲ್ಲಿ ಒಬ್ಬರಿಗಿದ್ದರೆ, ಅದೂ ಒಂದೇ ಮೊಟ್ಟೆಯ ಅವಳಿಯಾದರೆ, ಸುಮಾರು 48. ಒಂಬತ್ತು ಪಟ್ಟು ಎಂದರೆ ಹೆದರಿಕೆ. ನೂರರಲ್ಲಿ 91 ಮಂದಿಗೆ ಬರುವುದಿಲ್ಲ ಎಂದರೆ ಅದೇ ಅಂಕಿ. ಒಂದೇ ವಂಶವಾಹಿಯ ಅವಳಿಯಲ್ಲೂ ಅರ್ಧಕ್ಕಿಂತ ಹೆಚ್ಚು ಸಲ ಇನ್ನೊಬ್ಬರಿಗೆ ಬರುವುದಿಲ್ಲ. ಇನ್ನೂ ಒಂದು ಮಾತು: ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿಯ ತಂದೆತಾಯಿಗೆ ಈ ಕಾಯಿಲೆ ಇರಲೇ ಇಲ್ಲ. 2022ರಲ್ಲಿ ಜಗತ್ತಿನ ಸಂಶೋಧಕರು ಸೇರಿ ವಂಶವಾಹಿಯಲ್ಲಿ 287 ಜಾಗಗಳನ್ನು ಗುರುತಿಸಿದರು. ಒಂದೊಂದರ ಪ್ರಭಾವವೂ ಅತ್ಯಲ್ಪ. ರಕ್ತ ಪರೀಕ್ಷೆ ಮಾಡಿ ಈ ಹುಡುಗಿಗೆ ಬರುತ್ತದೆ, ಈ ಹುಡುಗನಿಗೆ ಬರುವುದಿಲ್ಲ ಎನ್ನುವ ಡಾಕ್ಟರು ಎಲ್ಲಿಯೂ ಇಲ್ಲ. ಕಾನೂನು ಕೂಡ ನಿಧಾನವಾಗಿ ಸಡಿಲವಾಯಿತು: 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಹುಚ್ಚಿನ ಪಕ್ಕದಲ್ಲೇ ಬಂದು ಕೂತಿದ್ದ ಮೂರ್ಛೆ ರೋಗವನ್ನು 1999ರಲ್ಲಿ ತೆಗೆದುಹಾಕಿದರು.

ಬೆಂಗಳೂರಿನಲ್ಲಿ ಈಗ ಈ ಪ್ರಶ್ನೆಯನ್ನು ನಿಧಾನವಾಗಿ ಕೇಳುವ ಕೆಲಸ ನಡೆದಿದೆ. ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸೇರಿ ಕಳೆದ ದಶಕದಲ್ಲಿ ಶುರುಮಾಡಿದ ಅಧ್ಯಯನಕ್ಕೆ, ಒಂದೇ ಮನೆಯಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ಸೇರಿಸಿಕೊಳ್ಳುತ್ತಾರೆ. ನಿಮ್ಹಾನ್ಸ್‌ನ ಚರಿತ್ರೆಯನ್ನೂ ಬರೆದಿರುವ ಡಾ. ಸಂಜೀವ್ ಜೈನ್ ಅದರ ಹಿಂದಿದ್ದವರಲ್ಲಿ ಒಬ್ಬರು. ರೋಗಿಯ ರಕ್ತ ತೆಗೆದು, ಅದರ ಜೀವಕೋಶಗಳನ್ನು ಕಾಂಡಕೋಶವಾಗಿ ತಿರುಗಿಸಿ, ಅದರಿಂದ ನರಕೋಶ ಬೆಳೆಸಿ ನೋಡುತ್ತಾರೆ. ಅದರ ಪಕ್ಕದಲ್ಲೇ ಕಾಯಿಲೆ ಬಾರದ ಅಣ್ಣತಮ್ಮ, ಅಕ್ಕತಂಗಿಯರ ಕೋಶಗಳನ್ನೂ ಇಡುತ್ತಾರೆ. ಅವರ ನೆನಪು, ಗಮನ, ಕಣ್ಣಿನ ಚಲನೆ, ಮಿದುಳಿನ ಚಿತ್ರ ಎಲ್ಲವನ್ನೂ ಅಳೆದು, ವರ್ಷಗಳ ನಂತರ ಮತ್ತೆ ಕರೆಸಿ ಅಳೆಯುತ್ತಾರೆ. ರೂಡಿನ್ ಕೇಳದೆ ಬಿಟ್ಟ ಪ್ರಶ್ನೆ ಇದು: ಅದೇ ಮನೆ, ಅದೇ ರಕ್ತ, ಇವರನ್ನು ಕಾಪಾಡಿದ್ದು ಯಾವುದು?

ಆ ಒಡಹುಟ್ಟಿದವರ ಮೇಲೆ ಇನ್ನೊಂದು ಭಾರವೂ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ತನ್ನ ಪರವಾಗಿ ಯಾರು ತೀರ್ಮಾನಿಸಬೇಕೆಂದು ರೋಗಿಯೇ ಹೆಸರಿಸಬಹುದು ಎಂದಿತು. ಕುಟುಂಬದವರ ಸಂಘಗಳಿಗೆ ಇದು ನುಂಗಲಾರದ ತುತ್ತಾಯಿತು. ಹಕ್ಕಿನ ಪರವಾಗಿ ಹೋರಾಡಿದವರಿಗೆ ಗೆಲುವು. ನನಗೆ ಕಾಯ್ದೆಯದೇ ಸರಿ ಎನಿಸಿದರೂ ಮನೆಯವರ ಸಿಟ್ಟು ಅರ್ಥವಾಗುತ್ತದೆ: ಫ್ಯಾಮಿಲಿ ವಾರ್ಡಿನ ಕಾಲದಿಂದ ಅವರನ್ನು ಕರೆದದ್ದು ಕೆಲಸಕ್ಕೆ, ಮಾತಿಗಲ್ಲ. ಸಕಲವಾರದ, ಬಳ್ಳಾರಿಯ ಕಾಲದಲ್ಲಿ ಮಗನನ್ನು ಕರೆತಂದ ತಂದೆತಾಯಿಯರು ಈಗ ತೀರಿಕೊಂಡಿದ್ದಾರೆ ಅಥವಾ ಕೈಲಾಗದ ವಯಸ್ಸಿಗೆ ಬಂದಿದ್ದಾರೆ. ತಿಂಗಳ ಔಷಧಿಗೆ ತಾಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, 14416ಕ್ಕೆ ಫೋನ್ ಮಾಡಿ ಟೆಲಿ ಮಾನಸ್‌ನವರಿಗೆ ವಿವರಿಸುವುದು, ಈಗ ತಮ್ಮನ, ತಂಗಿಯ ಪಾಲಿಗೆ ಬಂದಿದೆ. ಸಂಶೋಧಕರ ಪಟ್ಟಿಯಲ್ಲಿ ಅಪಾಯವಿರುವವರು ಎಂದು ಬರೆದುಕೊಂಡಿರುವುದು ಇವರ ಹೆಸರನ್ನೇ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವುದೂ ಇವರೇ.